ಕೇಳುವವರಿಲ್ಲದ ಮಕ್ಕಳು

ಹಾಸ್ಯವೂ ಕರುಣವೂ ಪರಸ್ಪರ ವಿರೋಧಿ ರಸಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಆದರೆ ಎರಡನ್ನೂ ಒಂದೇ ಎಲೆಗೆ ಬಡಿಸಿದ ಕಥೆಗಳೂ ಇವೆ. ದುಷ್ಟ ವಸತಿಶಾಲೆಯ ಕಥೆ ಅಂಥದು. ಅದರ ಹಿಂದಿರುವ ಚರಿತ್ರೆಯನ್ನು ವಾಚಕರು ಕೊಂಚ ಕೇಳಬೇಕು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಅಗ್ಗದ ವಸತಿಶಾಲೆಗಳು ಹಲವಿದ್ದವು. ವರ್ಷಕ್ಕೆ ಸುಮಾರು 20 ಗಿನಿ ಕೊಟ್ಟರೆ ಊಟ, ಬಟ್ಟೆ, ಪಾಠ ಎಲ್ಲವೂ ಅಲ್ಲಿಯೇ. ರಜೆಗಳೇ ಇಲ್ಲವೆಂಬುದು ಅವುಗಳ ಜಾಹೀರಾತಿನ ಹೆಗ್ಗಳಿಕೆ! ರಜೆಯಿಲ್ಲದ ಶಾಲೆ ಯಾರಿಗೆ ಬೇಕು, ಹೇಳಿ? ಮಗು ಮನೆಗೆ ಬರುವುದೇ ಬೇಡವೆನ್ನುವವರಿಗೆ. ತಬ್ಬಲಿಗಳೂ ಮಲಮಕ್ಕಳೂ ಅಲ್ಲಿಗೆ ಸಾಗಿಹೋಗುತ್ತಿದ್ದರು. ಬೋಸ್ ಎಂಬ ಊರಿನ ವಿಲಿಯಂ ಷಾ ಎಂಬವನ ಶಾಲೆಯಲ್ಲಿ ಹುಡುಗರು ಕಣ್ಣು ಕಳೆದುಕೊಂಡರು. 1823ರಲ್ಲಿ ನ್ಯಾಯಾಲಯ ಅವನಿಂದ ಪರಿಹಾರ ಕೊಡಿಸಿತು. ಆದರೆ ಶಾಲೆ ಮುಚ್ಚಲಿಲ್ಲ.

1838ರ ಚಳಿಗಾಲದಲ್ಲಿ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ಹೋದನು. ವಿಧವೆಯೊಬ್ಬಳ ಮಗನಿಗೆ ಶಾಲೆ ಹುಡುಕುತ್ತಿರುವೆನೆಂಬ ನೆವ ಹೂಡಿದನು. ಬೋಸ್‌ನ ಚರ್ಚಿನ ಅಂಗಳದಲ್ಲಿ ಆ ಶಾಲೆಯ ಹುಡುಗನೊಬ್ಬನ ಗೋರಿಯನ್ನು ಕಂಡನು. ಅದೇ ವರ್ಷ 'ನಿಕೊಲಾಸ್ ನಿಕಲ್ಬಿ' ಕಾದಂಬರಿ ಕಂತುಗಳಲ್ಲಿ ಹೊರಬರತೊಡಗಿತು. ಅದರಲ್ಲಿ ಒಕ್ಕಣ್ಣಿನ ಉಪಾಧ್ಯಾಯ ಸ್ಕ್ವೀರ್ಸ್ ಕಿಟಕಿಯೆಂಬ ಪದದ ಕಾಗುಣಿತ ಕೇಳಿ, ಅದನ್ನೂ ತಪ್ಪಾಗಿ ಕಲಿಸಿ, ಹುಡುಗನನ್ನು ಕಿಟಕಿ ಒರೆಸಲು ಅಟ್ಟುತ್ತಾನೆ. ಅವನ ಹೆಂಡತಿ ಹಸಿವೆ ಸಾಯಲೆಂದು ಮಕ್ಕಳಿಗೆ ಗಂಧಕ, ಕಾಕಂಬಿ ಕುಡಿಸುತ್ತಾಳೆ. ಓದುಗರು ನಕ್ಕರು, ನಕ್ಕು ನಾಚಿದರು. ಅಂಥ ಶಾಲೆಗಳು ಈಗ ತೀರ ವಿರಳವೆಂದು 1848ರ ಮುನ್ನುಡಿಯಲ್ಲಿ ಡಿಕನ್ಸನೇ ಬರೆದನು. ಎಲ್ಲವೂ ಒಂದು ಪುಸ್ತಕದ ಫಲವೆನ್ನಲಾಗದು. ಆದರೆ ನ್ಯಾಯಾಲಯದ ದಂಡ ತಟ್ಟದ ಕಡೆ ನಗೆ ತಟ್ಟಿತು.

ಈ ವಂಶದ ಹೊಸ ಕುಡಿ ಅಮೆರಿಕದಲ್ಲಿ ಚಿಗುರಿತು. ಡೇನಿಯಲ್ ಹ್ಯಾಂಡ್ಲರ್ ಎಂಬವರು ಲೆಮೊನಿ ಸ್ನಿಕೆಟ್ ಎಂಬ ಹೆಸರಿನಿಂದ 2000ದಲ್ಲಿ 'ದಿ ಆಸ್ಟಿಯರ್ ಅಕಾಡೆಮಿ' ಎಂಬ ಮಕ್ಕಳ ಕಾದಂಬರಿ ಪ್ರಕಟಿಸಿದರು. ವಯೊಲೆಟ್, ಕ್ಲಾಸ್, ಕೂಸು ಸನ್ನಿ ಎಂಬ ತಬ್ಬಲಿ ಒಡಹುಟ್ಟಿದವರು ವಸತಿಶಾಲೆಗೆ ಸೇರುತ್ತಾರೆ. ಅಲ್ಲಿ ಒಳ್ಳೆಯ ವಸತಿಗೃಹವೇನೋ ಉಂಟು. ಆದರೆ ಅದರೊಳಗೆ ಸೇರಲು ತಂದೆತಾಯಿಗಳ ರುಜು ಬೇಕು! ಆದಕಾರಣ ಏಡಿಗಳು ಹರಿದಾಡುವ ತಗಡಿನ ಗುಡಿಸಲೇ ತಬ್ಬಲಿಗಳಿಗೆ ಗತಿ. ಕೂಸಿಗೆ ಕಚೇರಿಯ ಗುಮಾಸ್ತೆಯ ಕೆಲಸ. ಉಪಮುಖ್ಯಸ್ಥ ನೀರೋ ರಾತ್ರಿ ಆರು ಗಂಟೆಗಳ ಕಾಲ ಅಪಸ್ವರದ ಪಿಟೀಲು ನುಡಿಸುತ್ತಾನೆ, ಎಲ್ಲರೂ ಕೇಳಲೇಬೇಕು.

ಡಿಕನ್ಸನ ಕಾಲದ "ರಜೆಯಿಲ್ಲ"ವೂ ಈ ರುಜುವಿನ ನಿಯಮವೂ ಒಂದೇ ಅಲ್ಲವೆ? ಕೇಳುವವರಿಲ್ಲದ ಮಗುವಿಗೇ ನಿಯಮ ಕಠಿಣವಾಗುತ್ತದೆ.

ಪ್ರಗತಿಪತ್ರಕ್ಕೆ ತಂದೆಯ ರುಜು ತರದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ತಂದೆ ಇದ್ದಾನೆಯೇ ಎಂದು ಮೊದಲು ಕೇಳಬೇಕಿತ್ತು. ನಿಮ್ಮ ಮಕ್ಕಳು ಇಂಥ ಕಥೆ ಓದಿ ನಕ್ಕರೆ ಗದರಿಸಬೇಡಿ. ಪಕ್ಕದಲ್ಲಿ ಕುಳಿತು ನೀವೂ ಓದಿ.