ಮುಧೋಳ ನಾಯಿಯ ವಂಶಾವಳಿ

ಕುರ್ಲಾ ಸ್ಟೇಷನ್ನಿನ ಎರಡೂ ಬದಿಗೆ ಹಬ್ಬಿಕೊಂಡಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ನಾಯಿ ಸಾಕುವ ಹವ್ಯಾಸ ಹೊಸದೇನಲ್ಲ. ಊರಿನಲ್ಲಿ ಅಂಗಳದ ಮೂಲೆಯಲ್ಲಿ ಮಲಗಿ, ಉಳಿದ ಗಂಜಿ ತಿಂದುಕೊಂಡು ತೋಟ ಕಾಯುತ್ತಿದ್ದ ನಾಯಿ ಇಲ್ಲಿ ಎರಡು ಕೋಣೆಗಳ ಬಿಡಾರದಲ್ಲಿ ಮನೆಮಂದಿಯಲ್ಲೊಂದಾಗಿದೆ. ಹಾಗಾದುದರಿಂದ ಅದರ ಕಾಯಿಲೆಯೂ ಮನೆಯ ಕಾಯಿಲೆಯೇ ಆಗುತ್ತದೆ. ದುಬಾರಿ ಬೆಲೆ ಕೊಟ್ಟು ತಂದ ಜಾತಿನಾಯಿಯ ಮರಿ ವರ್ಷ ತುಂಬುವ ಮೊದಲೇ ಹಿಂಗಾಲು ಎಳೆಯತೊಡಗಿದಾಗ, ಕಣ್ಣು ಮಂಜಾದಾಗ, ಪ್ರಾಣಿವೈದ್ಯರು "ಇದು ಹುಟ್ಟಿನಿಂದಲೇ ಬಂದದ್ದು" ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು ಎಂದರೆ ಯಾರಿಂದ ಬಂದದ್ದು? ಅದನ್ನು ತಡೆಯಬಹುದಾಗಿತ್ತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮದೇ ನಾಡಿನ ಒಂದು ನಾಯಿಯ ಚರಿತ್ರೆಯನ್ನು ನೋಡೋಣ. ಅದು ಮುಧೋಳ ನಾಯಿಯ ಚರಿತ್ರೆ.

ಮುಧೋಳವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಕವಿ ರನ್ನ. ಘಟಪ್ರಭೆಯ ಬಯಲಿನ ಈ ಊರು ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನದ ರಾಜಧಾನಿಯಾಗಿತ್ತು. ೧೮೫೭ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಪ್ರತಿಭಟಿಸಿ ದಂಗೆಯೆದ್ದ ಹಲಗಲಿಯ ಬೇಡರ ನಾಡೂ ಇದೇ. ಉದ್ದನೆಯ ಕಿರಿದಾದ ತಲೆ, ಇಳಿಬಿದ್ದ ಕಿವಿ, ಆಳವಾದ ಎದೆ, ಒಳಕ್ಕೆ ಸೆಳೆದುಕೊಂಡ ಸಣ್ಣ ನಡು, ನೀಳ ಕಾಲುಗಳು: ಮುಧೋಳ ನಾಯಿಯನ್ನು ಕಂಡವರಾರೂ ಮರೆಯಲಾರರು. ಇದು ವಾಸನೆ ಹಿಡಿದು ಹೋಗುವ ನಾಯಿಯಲ್ಲ. ಕಣ್ಣಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ನಾಯಿ. ಪಶ್ಚಿಮ ಏಷ್ಯದ ಸಲೂಕಿ, ಮಧ್ಯ ಏಷ್ಯದ ತಾಜಿ ಮೊದಲಾದ ನಾಯಿಗಳ ಹತ್ತಿರದ ನಂಟು ಇದಕ್ಕಿದೆಯೆಂದೂ ವ್ಯಾಪಾರಿಗಳ, ಸೈನ್ಯಗಳ ಜೊತೆಯಲ್ಲಿ ಅವುಗಳ ಪೂರ್ವಜರು ದಖ್ಖನ್ನಿಗೆ ಬಂದವೆಂದೂ ತಿಳಿದವರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎಂದು ಕರೆಯುವುದು ಈ ಮಾತಿಗೆ ಒಪ್ಪುವಂತಿದೆ.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರು, ಹಳ್ಳಿಯ ಬೇಟೆಗಾರರ ಬಳಿಯಿದ್ದ ಈ ನಾಯಿಗಳ ಓಟವನ್ನು ಕಂಡು ಮೆಚ್ಚಿ, ಒಳ್ಳೆಯವನ್ನು ಆರಿಸಿ ಅರಮನೆಯಲ್ಲಿ ಸಾಕಿಸಿ ತಳಿಯನ್ನು ಉದ್ಧರಿಸಿದರೆಂದು ಹೇಳುತ್ತಾರೆ. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆ ಕೊಟ್ಟರೆಂಬ ಸಂಗತಿಯನ್ನು ಆ ಕಡೆಯ ಜನ ಈಗಲೂ ಹೆಮ್ಮೆಯಿಂದ ನೆನೆಯುತ್ತಾರೆ. ೧೯೪೮ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ವಿಜಾಪುರ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಈಗ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಎಂಟು ವರ್ಷ ಕಾಲ ಮುಧೋಳವೂ ನಮ್ಮ ಕುರ್ಲಾವೂ ಒಂದೇ ಪ್ರಾಂತದ ಊರುಗಳಾಗಿದ್ದವೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ.

ಅರಮನೆಯ ಆಶ್ರಯ ಹೋದಮೇಲೆ ತಳಿಯನ್ನು ಉಳಿಸಿದವರು ರೈತರು, ಕುರುಬರು, ಬೇಟೆಯ ಗೀಳಿನವರು. ಅವರು ಯಾವ ಪುಸ್ತಕದಲ್ಲೂ ವಂಶಾವಳಿ ಬರೆದಿಡಲಿಲ್ಲ. ಆದರೆ ಅವರಲ್ಲಿ ಪುಸ್ತಕಕ್ಕಿಂತ ಕಟ್ಟುನಿಟ್ಟಾದ ಒಂದು ಪರೀಕ್ಷೆಯಿತ್ತು. ಎರೆಹೊಲದಲ್ಲಿ ಮೊಲದ ಬೆನ್ನುಹತ್ತಿ ಓಡಲಾರದ ನಾಯಿ, ಕೀಲು ಸಡಿಲವಾದ ನಾಯಿ, ಕಣ್ಣು ಮಂದವಾದ ನಾಯಿ ಬೇಟೆಗೆ ಒದಗದು. ಬೇಟೆಗೆ ಒದಗದ ನಾಯಿಯಿಂದ ಮರಿ ತೆಗೆಯುವವರೂ ಇಲ್ಲ. ಹೀಗೆ ದೋಷಗಳು ತಾವಾಗಿಯೇ ಜಾಡಿಸಿಹೋಗುತ್ತಿದ್ದವು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಾಡುಪ್ರಾಣಿಗಳ ಹಿತದೃಷ್ಟಿಯಿಂದ ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಅದರೊಂದಿಗೆ ನಾಯಿಯ ಹಳೆಯ ಪರೀಕ್ಷೆ ಮುಗಿಯಿತು. ಓಟವನ್ನು ನೋಡಿ ಆರಿಸುತ್ತಿದ್ದ ಕಡೆ ರೂಪವನ್ನು, ಬೆಲೆಯನ್ನು ನೋಡಿ ಆರಿಸುವ ಕಾಲ ಬಂದಿತು. ಪರೀಕ್ಷೆ ಹೋದಮೇಲೆ ಪುಸ್ತಕವಾದರೂ ಬೇಕಲ್ಲವೇ?

ಪುಸ್ತಕ ಏಕೆ ಬೇಕೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಅನುವಂಶಿಕ ದೋಷಗಳಲ್ಲಿ ಹಲವು ಅಡಗಿರುವ ಸ್ವಭಾವದವು. ದೋಷವುಳ್ಳ ವಂಶವಾಹಿ ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಮರಿ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರಿಂದಲೂ ಬಂದರೆ ರೋಗ ತಲೆಯೆತ್ತುತ್ತದೆ. ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಂದು ಗಂಡುನಾಯಿ ಇಂಥ ದೋಷವನ್ನು ಒಳಗೆ ಹೊತ್ತಿದೆಯೆಂದಿಟ್ಟುಕೊಳ್ಳೋಣ. ದೋಷವಿಲ್ಲದ ಹೆಣ್ಣುನಾಯಿಯಲ್ಲಿ ಹುಟ್ಟಿದ ಅದರ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ದೋಷವನ್ನು ಹೊತ್ತಿರುತ್ತವೆ, ಆದರೆ ರೋಗ ಒಂದಕ್ಕೂ ಕಾಣಿಸದು. ಆ ಗಂಡನ್ನು ಅದರ ಮಗಳೊಂದಿಗೇ ಕೂಡಿಸಿದರೆ ಸರಾಸರಿ ಎಂಟು ಮರಿಗಳಲ್ಲಿ ಒಂದು ರೋಗಿಯಾಗಿ ಹುಟ್ಟುತ್ತದೆ. ರೂಪ ಕೆಡಬಾರದೆಂದು ಮಾಡಿದ ಜೋಡಿ ಜೀವವನ್ನೇ ಕೆಡಿಸುತ್ತದೆ.

ನಮ್ಮ ಹಿರಿಯರಿಗೆ ಇದು ಪೂರ್ತಿ ಅಪರಿಚಿತವಾದ ವಿಚಾರವಲ್ಲ. ಸಗೋತ್ರದಲ್ಲಿ ಹೆಣ್ಣು ತರಬಾರದೆಂದರು. ತುಳುನಾಡಿನಲ್ಲಿ ಒಂದೇ ಬಳಿಯವರು ಅಣ್ಣತಂಗಿಯರೆಂದರು. ಆದರೆ ಗೋತ್ರ ತಂದೆಯ ಕಡೆಯನ್ನು ಮಾತ್ರ ನೋಡುತ್ತದೆ, ಬಳಿ ತಾಯಿಯ ಕಡೆಯನ್ನು ಮಾತ್ರ. ನಾಯಿಯ ಮಟ್ಟಿಗೆ ಎರಡೂ ಕಡೆ ನೋಡಬೇಕು, ಅದೂ ಹಲವು ತಲೆಮಾರು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ.

ಪಾಶ್ಚಾತ್ಯರು ಇದನ್ನು ಕಷ್ಟಪಟ್ಟು ಕಲಿತರು. ೧೮೭೩ರಲ್ಲಿ ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಗಿ ಶುದ್ಧ ತಳಿಗಳ ದಾಖಲೆ ಆರಂಭವಾಯಿತು. ಆದರೆ ದಾಖಲೆ ಶುದ್ಧಿಯನ್ನು ಕಾದಷ್ಟು ಆರೋಗ್ಯವನ್ನು ಕಾಯಲಿಲ್ಲ. ಚುಕ್ಕೆಯ ಡಾಲ್ಮೇಷಿಯನ್ ನಾಯಿಗಳಲ್ಲಿ ಯೂರಿಕ್ ಆಮ್ಲದ ದೋಷ ಇಡೀ ತಳಿಗೇ ಹಬ್ಬಿ, ಮೂತ್ರಕೋಶದಲ್ಲಿ ಕಲ್ಲುಗಳಾಗುತ್ತಿದ್ದವು. ೧೯೭೩ರಲ್ಲಿ ಅಮೆರಿಕದ ರಾಬರ್ಟ್ ಷೈಬಲ್ ಎಂಬ ತಳಿವಿಜ್ಞಾನಿ ಒಮ್ಮೆ ಮಾತ್ರ ಪಾಯಿಂಟರ್ ತಳಿಯ ರಕ್ತವನ್ನು ಸೇರಿಸಿ, ಆ ಮೇಲೆ ತಲೆಮಾರುಗಳ ಕಾಲ ಡಾಲ್ಮೇಷಿಯನ್ನರೊಂದಿಗೇ ಕೂಡಿಸಿ ರೋಗವಿಲ್ಲದ ಸಂತತಿಯನ್ನು ಪಡೆದರು. ಅದಕ್ಕೆ ಅಲ್ಲಿನ ಕೆನಲ್ ಕ್ಲಬ್ಬಿನ ಸ್ಥಿರವಾದ ಮನ್ನಣೆ ಸಿಕ್ಕಿದ್ದು ೨೦೧೧ರಲ್ಲಿ! ೨೦೦೮ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಒಂದು ಚಿತ್ರ ಜಾತಿನಾಯಿಗಳ ಅನುವಂಶಿಕ ನರಳಾಟವನ್ನು ಬಯಲು ಮಾಡಿತು. ಮರುವರ್ಷ ಇಂಗ್ಲೆಂಡಿನ ಕ್ಲಬ್, ತಂದೆಮಗಳು, ತಾಯಿಮಗ, ಒಡಹುಟ್ಟುಗಳ ಜೋಡಿಯಲ್ಲಿ ಹುಟ್ಟಿದ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿತು.

ಮುಧೋಳ ನಾಯಿಗೆ ಈ ಗತಿ ಬಾರದಂತೆ ನೋಡಿಕೊಳ್ಳಲು ಇನ್ನೂ ಸಮಯವಿದೆ. ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ. ತಳಿಯ ಸಂರಕ್ಷಣೆಯೇ ಅದರ ಉದ್ದೇಶ. ೨೦೦೫ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿ ಹೊರತಂದಿತು. ೨೦೧೬ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದರು. ೨೦೨೦ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇದನ್ನು ಹೆಸರಿಸಿದರು. ಹೆಮ್ಮೆಪಡಬೇಕಾದ ಸಂಗತಿಗಳೇ. ಆದರೆ ಕೀರ್ತಿಯ ಬೆನ್ನಿಗೇ ಬೇಡಿಕೆ ಬರುತ್ತದೆ, ಬೇಡಿಕೆಯ ಬೆನ್ನಿಗೆ ಅವಸರದ ಮರಿಗಳು ಬರುತ್ತವೆ. ಅದೂ ಅಲ್ಲದೆ ದೇಶದ ಒಂದು ಕ್ಲಬ್ ಈ ನಾಯಿಯನ್ನು ಕ್ಯಾರವಾನ್ ಹೌಂಡ್ ಎಂದೂ ಇನ್ನೊಂದು ಮುಧೋಳ್ ಹೌಂಡ್ ಎಂದೂ ದಾಖಲು ಮಾಡುತ್ತವೆ. ವಂಶಾವಳಿ ಹೀಗೆ ಎರಡು ಕಡೆ ಹರಿದರೆ, ಯಾರು ಯಾರಿಗೆ ನೆಂಟರೆಂದು ತಿಳಿಯುವುದು ಹೇಗೆ?

ಮರಿ ಮಾರುವವನನ್ನು ಸರಕಾರ ಕಾನೂನಿನ ಚೌಕಟ್ಟಿಗೆ ತಂದಿದೆ. ೨೦೧೭ರ ನಿಯಮಗಳ ಪ್ರಕಾರ ತಳಿಗಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹದಿನೆಂಟು ತಿಂಗಳೊಳಗಿನ ಹೆಣ್ಣುನಾಯಿಯಿಂದ ಮರಿ ತೆಗೆಯಬಾರದು. ಒಂದು ನಾಯಿಗೆ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಆಗಬಾರದು. ಆದರೆ ಕೊಳ್ಳುವವನು ಕೇಳದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ಮರಿ ತರುವ ಮೊದಲು ನಾವು ಕೇಳಬೇಕಾದ್ದನ್ನು ಕೇಳೋಣ. ಇದರ ತಾಯಿಯೆಲ್ಲಿ, ತಂದೆಯಾರು, ಅಜ್ಜ ಅಜ್ಜಿಯರು ಯಾರು? ಎರಡು ಕಡೆಗೂ ಒಂದೇ ಹೆಸರು ಬರುತ್ತದೆಯೇ? ದೊಡ್ಡ ಜಾತಿಯ ನಾಯಿಯಾದರೆ ತಂದೆತಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿದ್ದಾರೆಯೇ? ಉತ್ತರ ಹೇಳಲು ತಡವರಿಸುವವನ ಮರಿ ಎಷ್ಟು ಮುದ್ದಾಗಿದ್ದರೂ ಬೇಡ. ಸಂದೇಹವಿದ್ದರೆ ಕುರ್ಲಾದಿಂದ ಲೋಕಲ್ ಹಿಡಿದು ಪರೇಲಿಗೆ ಹೋಗಬಹುದು. ೧೮೮೬ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜು ಅಲ್ಲೇ ಇದೆ. ಮುಧೋಳ ನಾಯಿಯನ್ನೇ ಸಾಕಿದವರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅದರ ಜಾತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗ್ರೇಹೌಂಡಿನಂಥ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ; ಕೆಲವು ಅರಿವಳಿಕೆ ಮದ್ದುಗಳು ಅವುಗಳ ದೇಹದಿಂದ ಬಹು ನಿಧಾನವಾಗಿ ಇಳಿಯುತ್ತವೆ.

ಇನ್ನೊಂದು ಮಾತು. ಮೈಲುಗಟ್ಟಲೆ ಬಯಲಲ್ಲಿ ಓಡಲು ಹುಟ್ಟಿದ ಪ್ರಾಣಿಯನ್ನು ನಾಲ್ಕನೆಯ ಮಹಡಿಯಲ್ಲಿ ಕಟ್ಟಿಹಾಕುವುದು ಊರಿನ ಅಭಿಮಾನವೆನಿಸದು. ಮನೆಗೊಂದು ನಾಯಿಯಷ್ಟೇ ಬೇಕಾದವರಿಗೆ ಕುರ್ಲಾದ ಗಲ್ಲಿಗಳಲ್ಲೇ ಬೇಕಾದಷ್ಟಿವೆ. ಹಲವು ರಕ್ತ ಬೆರೆತ ಬೀದಿನಾಯಿಗೆ ರೋಗವೇ ಬಾರದೆಂದಲ್ಲ. ಆದರೆ ಅಡಗಿದ ದೋಷ ಎರಡೂ ಕಡೆಯಿಂದ ಕೂಡಿಬರುವ ಸಂಭವ ಅದಕ್ಕೆ ಕಡಿಮೆ. ಮುಧೋಳ ನಾಯಿಯ ಮೇಲೆ ನಿಜವಾದ ಪ್ರೀತಿಯುಳ್ಳವರು ಊರಿಗೆ ಹೋದಾಗ ತಿಮ್ಮಾಪುರಕ್ಕೆ ಹೋಗಿ ಅದನ್ನು ನೋಡಿ ಬರಲಿ, ಮಕ್ಕಳಿಗೂ ತೋರಿಸಲಿ. ಜೋಡಿ ಕೂಡಿಸುವ ಯೋಗ್ಯತೆಯುಳ್ಳ ನಾಯಿ ಯಾರ ಮನೆಯಲ್ಲಿದೆಯೋ ಅವರು ಒಂದು ನೋಟುಪುಸ್ತಕದಲ್ಲಿ ಅದರ ಹುಟ್ಟು, ತಂದೆತಾಯಿ, ಬಂದ ಕಾಯಿಲೆ, ಸಾವಿನ ಕಾರಣ ಇಷ್ಟನ್ನು ಬರೆದಿಡಲಿ. ಬೇಟೆಯ ಹೊಲ ಹಿಂದೆ ಮಾಡುತ್ತಿದ್ದ ಕೆಲಸವನ್ನು ಇನ್ನು ಆ ಪುಸ್ತಕವೇ ಮಾಡಬೇಕಾಗಿದೆ.