ಅರ್ಕಾವೊತ್ತಿನ ಜಾಗ

ಠಾಣೆಯ ‘ವರ್ತಕ ನಗರ’ವನ್ನು ಕನ್ನಡದಲ್ಲಿ ಬರೆಯುವಾಗ ನಮ್ಮ ಕೈ ವಕಾರವನ್ನೂ ತಕಾರವನ್ನೂ ಬರೆದ ಮೇಲೆ ಅರ್ಕಾವೊತ್ತನ್ನು ಇಡುತ್ತದೆ. ನಾಲಗೆಯಾದರೋ ರೇಫವನ್ನು ತಕಾರಕ್ಕಿಂತ ಮೊದಲೇ ನುಡಿಯುತ್ತದೆ. ಗಣಕದೊಳಗಿನ ಕನ್ನಡದ ಇತಿಹಾಸವೆಂದರೆ ಬಹುಮಟ್ಟಿಗೆ ಕೈಗೂ ನಾಲಗೆಗೂ ನಡೆದ ಈ ವ್ಯಾಜ್ಯವೇ ಆಗಿದೆ.

1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂಗೀಕರಿಸಿದ ‘ಇಸ್ಕಿ’ ಸಂಕೇತ ನಾಲಗೆಯ ಪಕ್ಷ ವಹಿಸಿತು. ಅದರಲ್ಲಿ ಕಕಾರಕ್ಕೆ 179 ಎಂಬ ಸಂಖ್ಯೆ. ಕನ್ನಡಕ್ಕೂ ದೇವನಾಗರಿಗೂ ತೆಲುಗಿಗೂ ಅದೇ. ಯಾವ ಲಿಪಿಯೆಂಬ ಗುರುತು ಕಳೆದುಹೋದರೆ ಕನ್ನಡದ ವಾಕ್ಯ ನಾಗರಿಯಲ್ಲಿ ಕಾಣಿಸೀತು, ಆದರೆ ಉಚ್ಚಾರ ಕೆಡದು. ಮರಾಠಿ ಫಲಕಗಳ ನಡುವೆ ಬಾಳುವ ನಮಗೆ ಅದೇನೂ ದೊಡ್ಡ ತೊಡಕಲ್ಲ. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯೂ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟು ಇದೇ ಉಚ್ಚಾರಕ್ರಮವನ್ನು ಹಿಡಿಯಿತು.

ಮುದ್ರಣಾಲಯಗಳು ಮಾತ್ರ ಅಷ್ಟು ಕಾಲ ಕಾಯುವಂತಿರಲಿಲ್ಲ. ಪುಟ ಜೋಡಿಸುವ ತಂತ್ರಾಂಶಗಳಿಗೆ ತಿಳಿದಿದ್ದುದು ರೋಮನ್ ಅಕ್ಷರ. ಆ ಅಕ್ಷರಗಳ ಮನೆಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಕೂರಿಸಲಾಯಿತು. ಪುಣೆಯ ಶ್ರೀಲಿಪಿಯದು ಒಂದು ಕ್ರಮ. ಶೇಷಾದ್ರಿವಾಸು ಅವರ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಂಚಿಕೊಂಡ ಕ್ರಮ ಇನ್ನೊಂದು. ನುಡಿಯ ಕಡತದಲ್ಲಿ ‘ವರ್ತಕ’ ಎಂಬುದು ಏಳು ಸಂಖ್ಯೆಗಳು: 170, 192, 118, 192, 240, 80, 192. ಇಲ್ಲಿ 192 ಎಂದರೆ ತಲೆಕಟ್ಟು, 240 ಎಂದರೆ ಅರ್ಕಾವೊತ್ತು. ಅದು ಕೈಬರಹದಲ್ಲಿರುವಂತೆ ತಕಾರದ ಬಳಿಕವೇ ಕುಳಿತಿದೆ. ಮಕಾರಕ್ಕೆ ಸ್ವಂತ ಸಂಖ್ಯೆಯೇ ಇಲ್ಲ; ವಕಾರಕ್ಕೆ ಒಂದು ಬಾಲ ಸೇರಿಸಿದರೆ ಮಕಾರ. ನಾವು ಸ್ಲೇಟಿನ ಮೇಲೆ ಕಲಿತದ್ದೂ ಹಾಗೆಯೇ ಅಲ್ಲವೇ!

ಕಡತದ ಹಣೆಯ ಮೇಲೆ ಅದು ಯಾವ ಸಂಕೇತದ್ದೆಂದು ಬರೆದಿರುವುದಿಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಟೋಪಿ ತೊಟ್ಟ ರೋಮನ್ ಅಕ್ಷರಗಳು ಕಾಣುತ್ತವೆ. ‘ಕನ್ನಡ’ ಎಂಬ ಪದದ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂರುತ್ತದೆ. ನೋಡಲು ವಿಕಾರವಾದರೂ ಇದು ಹಾನಿಯಲ್ಲ. ಲ್ಯಾಟಿನ್-1 ಎಂಬ ಸಂಕೇತದಲ್ಲಿ 256 ಸಂಖ್ಯೆಗಳಿಗೂ ಒಂದೊಂದು ಮನೆಯಿರುವುದರಿಂದ ಯಾವ ಸಂಖ್ಯೆಯೂ ಕಳೆಯುವುದಿಲ್ಲ.

ನಿಜವಾದ ಹಾನಿ ಶಿಸ್ತಿನ ಹೆಸರಿನಲ್ಲಿ ಆಗುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ 192 ಎಂಬ ಸಂಖ್ಯೆ ಎಲ್ಲಿಯೂ ಬರುವಂತಿಲ್ಲ. ನುಡಿಯ ಬರವಣಿಗೆಯಲ್ಲಿ ಸಾಲುಸಾಲಿಗೂ ಅದೇ. ಆದ್ದರಿಂದ ಕಟ್ಟುನಿಟ್ಟಾಗಿ ಓದುವ ತಂತ್ರಾಂಶ ಮೊದಲ ತಲೆಕಟ್ಟನ್ನು ದಾಟುವ ಮೊದಲೇ ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಸರಿ. ಆದರೆ ‘ಉದಾರ’ ತಂತ್ರಾಂಶಗಳು ಅರಿಯದ ಸಂಖ್ಯೆಯ ಜಾಗದಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕವನ್ನಿಟ್ಟು ಮುಂದೆ ಸಾಗುತ್ತವೆ. ‘ವರ್ತಕ’ದ ಏಳರಲ್ಲಿ ಐದು ಹೀಗೆ ಅಳಿಯುತ್ತವೆ; 118 ಮತ್ತು 80 ಮಾತ್ರ ಉಳಿಯುತ್ತವೆ. ಆ ಪ್ರತಿಯನ್ನು ಹಳೆಯದರ ಮೇಲೆಯೇ ಉಳಿಸಿದರೆ ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು. ಹಳಗನ್ನಡದ ಓಲೆಗರಿಗಳಲ್ಲಿ ಎಕಾರ ಏಕಾರಗಳ ಭೇದ ಕಾಣದಿದ್ದಾಗ ಸಂಪಾದಕರು ಛಂದಸ್ಸನ್ನು ನೋಡಿ ನಿರ್ಧರಿಸಿದರು, ಆದರೆ ಗರಿಯನ್ನು ಕೆರೆಯಲು ಹೋಗಲಿಲ್ಲ.

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಜನ ಆ ಕಾಲದಲ್ಲಿ ಜೋಡಿಸಿಟ್ಟ ಸ್ಮರಣ ಸಂಚಿಕೆಗಳ ಸಿ.ಡಿ.ಗಳನ್ನು ತೆರೆಯುವವರು ಮೊದಲು ಮೂಲದ ನಕಲೊಂದನ್ನು ತೆಗೆದು ಬೇರೆಡೆ ಇಡಬೇಕು. ಬಳಿಕ ಯುಟಿಎಫ್-8 ಎಂದು ಓದಿ ನೋಡುವುದು. ಒಪ್ಪದಿದ್ದರೆ ಒಂದೊಂದೇ ಸಂಕೇತಪಟ್ಟಿಯನ್ನು ಹಚ್ಚಿ ‘ಮತ್ತು’, ‘ಎಂದು’ ಮುಂತಾದ ಪದಗಳು ಯಾವುದರಲ್ಲಿ ಹೆಚ್ಚಾಗಿ ಮೂಡುತ್ತವೆಂದು ಎಣಿಸುವುದು. ಕಪಾಟಿನಲ್ಲಿ ಮುದ್ರಿತ ಪ್ರತಿಯೊಂದು ಉಳಿದಿದ್ದರೆ ಕೆಲಸ ಇನ್ನೂ ಸುಲಭ. ಅದರ ಮೊದಲ ಪುಟದ ವಿಳಾಸದಲ್ಲಿ ‘ವರ್ತಕ ನಗರ’ವಿದ್ದು, ಕಡತದಲ್ಲಿ ಮೇಲಿನ ಏಳು ಸಂಖ್ಯೆಗಳು ಅದೇ ಸಾಲಿನಲ್ಲಿ ಸಿಕ್ಕಿದರೆ, ಪಟ್ಟಿ ನುಡಿಯದು. ಆಮೇಲೆ ಉಳಿಯುವುದು ಅರ್ಕಾವೊತ್ತನ್ನು ತಕಾರದ ಹಿಂದಿನಿಂದ ಎತ್ತಿ, ರೇಫವಾಗಿ ಅದರ ಮುಂದೆ ಕೂರಿಸುವ ಕೆಲಸ.