ಜೀವಕೋಶದ ಹಗೇವು

ಜಮಖಂಡಿ, ಮುಧೋಳ, ಬೀಳಗಿಯ ಹಿರಿಯರಿಗೆ ಹಗೇವೆಂದರೇನೆಂದು ವಿವರಿಸಬೇಕಾಗಿಲ್ಲ. ನೆಲದೊಳಗೆ ತೋಡಿದ ಕಣಜವದು. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚುವರು. ಬೇಕಾದಾಗ ತೆರೆದು, ಮತ್ತೆ ಮುಚ್ಚುವರು. ನಮ್ಮ ಸ್ನಾಯುಕೋಶಗಳಲ್ಲಿಯೂ ಅಂಥ ಹಗೇವುಗಳುಂಟು. ಅಲ್ಲಿ ಕೂಡಿಟ್ಟಿರುವುದು ಕ್ಯಾಲ್ಸಿಯಂ, ಅಂದರೆ ಲೋಕಾಪುರದ ಸುಣ್ಣಗಲ್ಲಿನಲ್ಲಿರುವ ಸತ್ವವೇ.

ಕನ್ನಡ ಕಲಿಸಿ ನಿವೃತ್ತನಾದ ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಒಂದು ಸೀಸೆ. ಮುಧೋಳದ ಬಳಿ ಕಬ್ಬು ಬೆಳೆಯುವ ನನ್ನ ಅಣ್ಣನ ಮಗ ಸುಳಿಕೊರಕ ಹುಳುವಿಗೆಂದು ತಂದ ಔಷಧಿಯನ್ನು ಮುಂದಿಟ್ಟು, “ಕಾಕಾ, ಇದು ಹುಳಕ್ಕ ಏನ್ ಮಾಡತೈತ್ರಿ?” ಎಂದ. ಕ್ಲೋರಾಂಟ್ರಾನಿಲಿಪ್ರೋಲ್ ಎಂದು ಹೆಸರನ್ನೇನೋ ಓದಿದೆ. ಅರ್ಥ ಹೇಳಲಾರದೆ ನಾಚಿದೆ. ಆ ನಾಚಿಕೆಯೇ ನನ್ನನ್ನು ಚರಿತ್ರೆಯ ಕಡೆಗೆ ತಿರುಗಿಸಿತು.

ಕಥೆ ಲಂಡನ್ನಿನಲ್ಲಿ ತೊಡಗುತ್ತದೆ. ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ಪರೀಕ್ಷಿಸುತ್ತಿದ್ದ. ಬಟ್ಟಿಯಿಳಿಸಿದ ಶುದ್ಧ ನೀರು ಬಳಸಿದಾಗ ಬಡಿತ ಕುಂದಿ ನಿಂತಿತು. ಮೊದಲು ಬಳಸಿದ್ದುದು ನಲ್ಲಿಯ ನೀರೆಂದು ಆಮೇಲೆ ತಿಳಿಯಿತು. ಆ ನೀರಿನ ಸುಣ್ಣದಂಶವೇ ಹೃದಯವನ್ನು ನಡೆಸಿತ್ತೆಂದು 1883ರಲ್ಲಿ ಆತ ಪ್ರಕಟಿಸಿದ. ಎಂಥ ಅದೃಷ್ಟದ ತಪ್ಪು!

ಈ ಸತ್ವ ಕೋಶದೊಳಗೆ ಎಲ್ಲಿ ಅಡಗಿದೆಯೆಂಬುದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ಜಪಾನಿನ ಸೆತ್ಸುರೊ ಎಬಾಶಿ ಮೊದಲಾದವರು 1960ರ ಸುಮಾರಿಗೆ ಹಗೇವಿನ ಗುಟ್ಟು ಬಿಡಿಸಿದರು. ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಬಂದರೆ ಸ್ನಾಯು ಬಿಗಿಯುತ್ತದೆ. ಅದನ್ನು ಮರಳಿ ಒಳಗೆ ತುಂಬಿದರೆ ಸಡಿಲುತ್ತದೆ. ಬನಹಟ್ಟಿಯ ನೇಕಾರನ ಕೈಯಲ್ಲಿ ಲಾಳಿ ಓಡುವುದೂ, ಮುಧೋಳದ ಬೇಟೆನಾಯಿ ನೆಗೆಯುವುದೂ ಹೀಗೆಯೇ. ನಮ್ಮ ರನ್ನನ ಭೀಮ ಗದೆಯೆತ್ತಿದ ತೋಳಿಗೂ ಬೇರೆ ನಿಯಮವಿರಲಿಲ್ಲ!

ಇನ್ನು ಈ ಹಗೇವಿಗೆ ಅಡ್ಡಬರುವ ರಾಸಾಯನಿಕಗಳು. ಥಾಪ್ಸಿಯಾ ಎಂಬ ಗಿಡದಿಂದ ದೊರೆತ ಥಾಪ್ಸಿಗಾರ್ಗಿನ್, ಒಳಗೆ ತುಂಬುವ ಆಳಿನ ಕೈಯನ್ನೇ ಕಟ್ಟಿಹಾಕುತ್ತದೆ. ಡ್ಯಾಂಟ್ರೋಲಿನ್ ಬಾಗಿಲು ತೆರೆಯದಂತೆ ತಡೆಯುತ್ತದೆ. ಅರಿವಳಿಕೆಯ ವೇಳೆ ಕೆಲವರ ಸ್ನಾಯುಗಳು ಸೆಟೆದು, ಮೈ ಕಾದು, ಪ್ರಾಣಕ್ಕೇ ಕುತ್ತು ಬರುವುದುಂಟು. ಆಗ ಬದುಕಿಸುವ ಮದ್ದು ಇದೇ. ದಕ್ಷಿಣ ಅಮೆರಿಕದ ರಯಾನಿಯಾ ಗಿಡದ ಪುಡಿ 1940ರ ದಶಕದಲ್ಲಿಯೇ ಕೀಟನಾಶಕವಾಗಿತ್ತು. ಅದರ ಸಾರವಾದ ರಯನೋಡಿನ್ ಬಾಗಿಲನ್ನು ಅರೆತೆರೆದಂತೆಯೇ ಸಿಕ್ಕಿಸಿಬಿಡುತ್ತದೆ. ಪ್ರಮಾಣ ಹೆಚ್ಚಿದರೆ ಮುಚ್ಚಿಯೇಬಿಡುತ್ತದೆ. ಆ ಬಾಗಿಲಿಗೆ ವಿಜ್ಞಾನಿಗಳು ಇಟ್ಟ ಹೆಸರೂ ಈ ಗಿಡದಿಂದಲೇ ಬಂದುದು.

ನಮ್ಮ ಹುಡುಗನ ಸೀಸೆಯಲ್ಲಿದ್ದುದು ಅದೇ ಬಾಗಿಲನ್ನು ಬೇರೊಂದು ಬಗೆಯಲ್ಲಿ ತೆರೆದಿಡುವ ಮದ್ದು. ಹುಳುವಿನ ಹಗೇವು ಸೋರಿ ಬರಿದಾಗುತ್ತದೆ. ಕೆಲವೇ ಗಂಟೆಗಳಲ್ಲಿ ಅದು ತಿನ್ನುವುದನ್ನು ಬಿಡುತ್ತದೆ. ಮನುಷ್ಯರ ಬಾಗಿಲಿನ ಮೇಲೆ ಇದರ ಬಲ ನೂರಾರು ಪಟ್ಟು ಕಡಿಮೆ. ಆದರೆ ರೇಷ್ಮೆಹುಳುವೂ ಹುಳುವೇ. ನೀರಿನ ಸಣ್ಣ ಜೀವಿಗಳಿಗೂ ಇದು ಕಡುವಿಷ. ಒಂದನ್ನೇ ಪದೇ ಪದೇ ಸಿಂಪಡಿಸಿದರೆ ಹುಳು ತನ್ನ ಬಾಗಿಲನ್ನೇ ಬದಲಿಸಿಕೊಳ್ಳುತ್ತದೆ. ಫಿಲಿಪೈನ್ಸ್, ಥೈಲ್ಯಾಂಡ್‌ಗಳಲ್ಲಿ ಕೋಸಿನ ಹುಳು ಹೀಗೆ ಮಾಡಿಕೊಂಡುದು 2012ರಲ್ಲಿ ಬೆಳಕಿಗೆ ಬಂದಿತು.

ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಹುಳ ಕಂಡರಷ್ಟ ಹೊಡೀತೀನ್ರಿ. ಡಬ್ಬಿ ಕಾಲುವ್ಯಾಗ ತೊಳಿಯೂದಿಲ್ಲ” ಎಂದ. ಹಗೇವಿನ ಬಾಯಿ ಯಾವಾಗ ತೆರೆಯಬೇಕೆಂದು ಅವನ ಅಜ್ಜನಿಗೆ ಗೊತ್ತಿತ್ತು. ಆ ವಿವೇಕ ಮೊಮ್ಮಗನಿಗೂ ದಕ್ಕಬೇಕಾದರೆ, ಸೀಸೆಯ ಮೇಲಿನ ಹೆಸರಿನ ಹಿಂದಿರುವ ಅರ್ಥವೂ ಅವನಿಗೆ ಕನ್ನಡದಲ್ಲಿ ಸಿಗಬೇಕು.